ಬೀಜಿಂಗ್‌ನಲ್ಲಿ ಊಟ ತಿಂಡಿ ಸಿದ್ಧವಿದೆ

ಈ ಪ್ರವಾಸದ ಬಗ್ಗೆ ಬರೆದುಕೊಡಿ ಎಂದು ಇಲ್ಲಿನ ನಮ್ಮ ಕನ್ನಡ ಬಳಗದ ಸಂಚಿಕೆಯವರು ಕೇಳಿ ಎರಡು ವರ್ಷವಾಯಿತು. ಮೊದಲ ಸಲ ಕನ್ನಡಕ ಒಡೆದಿದೆ ಎಂದೆ. ಎರಡನೆಯ ಸಲ ಚಳಿಗೆ ಬೆರಳು ಮಡಚುತ್ತಿಲ್ಲ ಎಂದೆ. ಎರಡೂ ಸುಳ್ಳು. ಬೀಜಿಂಗ್ ಬಗ್ಗೆ ಬರೆದರೆ ದಾವಣಗೆರೆಯ ಒಂದು ಸಂಗತಿಯನ್ನೂ ಬರೆಯಬೇಕಾಗುತ್ತದೆ. ಅದಕ್ಕೇ ಮುಂದೂಡುತ್ತಾ ಬಂದೆ.

2006ರ ಅಕ್ಟೋಬರ್. ಮಗಳು ಸುಮಾ, ಅಳಿಯ, ಮೊಮ್ಮಗಳು, ನಾನು ಎಂದು ನಾಲ್ಕು ಟಿಕೆಟ್ ಆಗಿತ್ತು. ಹೊರಡಲು ಮೂರು ದಿನ ಇರುವಾಗ ಮೊಮ್ಮಗಳಿಗೆ ಸೀತಾಳೆ ಸಿಡುಬು ಎದ್ದಿತು. ಅವಳ ದಾಗಿಸ್‌ನ, ಅಂದರೆ ಶಿಶುವಿಹಾರದ, ಅರ್ಧ ಮಕ್ಕಳಿಗೂ ಎದ್ದಿತ್ತು.

"ಅಪ್ಪಾ, ನೀವೊಬ್ರೇ ಹೋಗ್ಬನ್ನಿ. ನಮ್ ಟಿಕೆಟ್ ಹೇಗೂ ವೇಸ್ಟು," ಎಂದಳು ಸುಮಾ.

"ಭಾಷೆ ಬರಲ್ವಲ್ಲೇ."

"ಇಲ್ಲಿ ಸ್ವೀಡಿಶ್ ಬರತ್ತಾ ನಿಮ್ಗೆ? ಟ್ರೇನಲ್ಲಿ ಅಜ್ಜಿಯರ ಜೊತೆ ಅರ್ಧ ಗಂಟೆ ಹರಟ್ತೀರಲ್ಲ!"

ಅವಳ ಆಫೀಸಿನ ಚೀನೀ ಗೆಳತಿ ಎರಡು ಚೀಟಿ ಬರೆದುಕೊಟ್ಟಳು. ಒಂದರಲ್ಲಿ ಹೋಟೆಲಿನ ವಿಳಾಸ, ಇನ್ನೊಂದರಲ್ಲಿ ಮಾಂಸ, ಮೀನು, ಮೊಟ್ಟೆ ಬೇಡ ಎಂದು. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಸೊಲ್ಲೆಂಟುನಾದ ಮನೆಯಿಂದ ಹೊರಟಾಗ ನಾಲ್ಕು ಡಿಗ್ರಿ ಚಳಿ. ಆರ್ಲಾಂಡಾ ವಿಮಾನ ನಿಲ್ದಾಣದಿಂದ ಹೆಲ್ಸಿಂಕಿ, ಅಲ್ಲಿಂದ ಎಂಟು ಗಂಟೆಯ ಹಾರಾಟ. ಬೆಳಿಗ್ಗೆ ಬೀಜಿಂಗ್‌ನಲ್ಲಿ ಇಳಿದಾಗ ಹಿತವಾದ ಬಿಸಿಲಿತ್ತು. ಒಲಿಂಪಿಕ್ಸ್‌ಗಾಗಿ ಊರನ್ನೇ ಅಗೆದು ಹಾಕಿದ್ದರು; ಎತ್ತ ನೋಡಿದರೂ ಕ್ರೇನು, ಧೂಳು. ಟ್ಯಾಕ್ಸಿಯವನಿಗೆ ಚೀಟಿ ತೋರಿಸಿದೆ. ಅವನು ಓದಿ, ಪಕ್ಕದ ಟ್ಯಾಕ್ಸಿಯವನನ್ನು ಕರೆದು ಓದಿಸಿ, ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಕೊಟ್ಟದ್ದು ಮೊಟ್ಟೆ ಬೇಡ ಎನ್ನುವ ಚೀಟಿ.

ಮರುದಿನ ಮೆಟ್ರೋದಲ್ಲಿ ಮೂರು ಯುವಾನ್ ಕೊಟ್ಟು ಲಾಮಾ ದೇವಸ್ಥಾನಕ್ಕೆ ಹೋದೆ. ಬಂದವರೆಲ್ಲ ಊದುಬತ್ತಿಯ ಕಟ್ಟು ಹಿಡಿದು ನಾಲ್ಕು ದಿಕ್ಕಿಗೂ ಬಾಗುತ್ತಿದ್ದರು. ಒಳಗೆ ಒಂದೇ ಮರದಲ್ಲಿ ಕಡೆದ ಬೃಹತ್ ಬುದ್ಧನಿದ್ದಾನೆ. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಬಾಗಿಲಿನ ಮೇಲಿನ ಬೋರ್ಡಿನ ಕೆಳಗೆ. ನೀಲಿಯ ಮೇಲೆ ಚಿನ್ನದ ಬಣ್ಣದಲ್ಲಿ ನಾಲ್ಕು ಲಿಪಿಗಳು, ಒಂದು ಇನ್ನೊಂದನ್ನು ತಳ್ಳದೆ ಪಕ್ಕಪಕ್ಕದಲ್ಲಿ ಕೂತಿದ್ದವು.

ಬೋರ್ಡ್ ನೋಡುವುದು ನನ್ನ ಹಳೆಯ ಚಾಳಿ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಮೂವತ್ತೈದು ವರ್ಷ ದಾವಣಗೆರೆಯಲ್ಲಿ ಬೋರ್ಡ್ ಬರೆದವನು ನಾನು. ನಮ್ಮ ರಾಜ್ಯೋತ್ಸವದ ಬ್ಯಾನರ್ ಬರೆದುಕೊಟ್ಟಾಗ ನಿಮ್ಮಲ್ಲೊಬ್ಬರು, "ಅಂಕಲ್, ಇದ್ಯಾವ ಫಾಂಟು? ನಂಗೂ ಇನ್‌ಸ್ಟಾಲ್ ಮಾಡ್ಕೊಡಿ" ಎಂದು ತಮಾಷೆ ಮಾಡಿದ್ದರು. ನಾನೂ ನಕ್ಕಿದ್ದೆ.

ಮೂರನೆಯ ದಿನ ಸ್ವರ್ಗ ದೇಗುಲದ ಉದ್ಯಾನಕ್ಕೆ ಹೋದೆ. ಪ್ರವೇಶಕ್ಕೆ ಹದಿನೈದು ಯುವಾನ್. ನೀಲಿ ಹೆಂಚಿನ ದುಂಡು ದೇಗುಲದ ಸುತ್ತ ಮುದಿ ಸೈಪ್ರೆಸ್ ಮರಗಳು, ಪ್ರತಿ ಮರಕ್ಕೂ ನಂಬರಿನ ತಗಡು. ಮರದ ಕೆಳಗೆ ನನ್ನ ವಯಸ್ಸಿನವರು ಇಸ್ಪೀಟು ಆಡುತ್ತಿದ್ದರು, ಹಾಡುತ್ತಿದ್ದರು. ಕಲ್ಲುಹಾಸಿನ ಮೇಲೆ ಒಬ್ಬ ಮುದುಕ ಉದ್ದ ಹಿಡಿಯ ಬ್ರಷ್ಷನ್ನು ನೀರಿನಲ್ಲಿ ಅದ್ದಿ ನಿಂತೇ ಅಕ್ಷರ ಬರೆಯುತ್ತಿದ್ದ. ಸಾಲು ಮುಗಿಯುವಷ್ಟರಲ್ಲಿ ಮೊದಲ ಅಕ್ಷರ ಆರಿಹೋಗುತ್ತಿತ್ತು. ನಾನು ಅವನ ಮಣಿಕಟ್ಟನ್ನೇ ನೋಡುತ್ತಿದ್ದೆ. ಅವನಿಗೆ ಏನು ತಿಳಿಯಿತೋ, ಬ್ರಷ್ಷನ್ನು ನನ್ನ ಕೈಗೆ ಕೊಟ್ಟ.

ಕೈ ತಾನಾಗಿ ಬರೆದದ್ದು "ಊಟ ತಿಂಡಿ ಸಿದ್ಧವಿದೆ" ಎಂದು. ಸುತ್ತ ನಿಂತವರು ಮಂತ್ರವೆಂದು ತಿಳಿದರೋ ಏನೋ, ಭಕ್ತಿಯಿಂದ ತಲೆಯಾಡಿಸಿದರು. ಅಭ್ಯಾಸಬಲದಿಂದ ಬಲಗಡೆಯ ಕೆಳಮೂಲೆಯಲ್ಲಿ "ಕಲೆ: ಶಿವರಾಂ" ಎಂದೂ ಹಾಕಿದೆ. ಮುದುಕ ಆ ಮೂಲೆ ತೋರಿಸಿ, ಬೆರಳನ್ನು ನನ್ನ ಎದೆಯತ್ತ ತಿರುಗಿಸಿದ. ನೀನಾ ಇದು? ಹೌದೆಂದು ತಲೆಯಾಡಿಸಿದೆ. ಅವನು ಹೆಬ್ಬೆರಳು ಎತ್ತಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆ ಅಕ್ಷರ ನನ್ನದಲ್ಲ. ಅಂಗಡಿಯನ್ನು ನಾನು ಗೆಳೆಯನೊಬ್ಬನ ಜೊತೆ ಸೇರಿ ತೆರೆದಿದ್ದೆ. ಬಣ್ಣ, ಚಿತ್ರ ನನ್ನವು, ಅಕ್ಷರ ಅವನದು. ಒತ್ತಕ್ಷರ ಸಾಲಿನ ಕೆಳಗೆ ಜೋತುಬೀಳದಂತೆ, ತಾಯಿಯ ಸೊಂಟದ ಮೇಲೆ ಮಗು ಕೂತ ಹಾಗೆ ಪಕ್ಕದಲ್ಲೇ ಕೂರಿಸುತ್ತಿದ್ದ. ಬೋರ್ಡಿನ ಮೂಲೆಯಲ್ಲಿ ಬರೆದವರ ಹೆಸರು ಹಾಕುವುದು ನಮ್ಮ ಕಸುಬಿನ ರೂಢಿ. ಗಿರಾಕಿ ಅದನ್ನು ನೋಡಿಯೇ ಹುಡುಕಿಕೊಂಡು ಬರುತ್ತಾನೆ. ಅಲ್ಲಿ ಅವನ ಹೆಸರು ಮೊದಲು, ಆಮೇಲೆ ನನ್ನದು. ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದಿತು. ಆರು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಆ ಆರು ತಿಂಗಳಲ್ಲಿ ನಾನು ಏಣಿ ಹೊತ್ತು ಬೀದಿ ಬೀದಿ ತಿರುಗಿ ಅವನ ಹೆಸರಿನ ಮೇಲೆ ಬಣ್ಣ ಬಳಿದು ನನ್ನದೊಂದನ್ನೇ ಉಳಿಸಿದೆ. ಅವನ ಅಕ್ಷರ ನೋಡಿ ನೋಡಿ ಕಲಿತಿದ್ದೆ. ಬೇರೆಯವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಒಂದು ದಿನ ಕೋಲೂರಿಕೊಂಡು ಬಂದ. ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿಯ ಬೋರ್ಡಿನ ಕೆಳಗೆ ನಿಂತ. ಊಟ ತಿಂಡಿ ಸಿದ್ಧವಿದೆ. ಮೂಲೆಯಲ್ಲಿ ಹಳೆಯ ಹಳದಿಯ ನಡುವೆ ಹೊಸ ಹಳದಿ ಒಂದು ಗೇಣಿನಷ್ಟು ಬೇರೆಯಾಗಿ ಕಾಣುತ್ತಿತ್ತು. "ಬಣ್ಣ ಚೆನ್ನಾಗಿ ಕುಂತೈತೆ ಬಿಡಲೇ ಶಿವ್ಯಾ," ಎಂದ. ಮತ್ತೆ ಅಂಗಡಿಗೆ ಬರಲಿಲ್ಲ. ಅದಾದ ಮೇಲೆ ಹನ್ನೊಂದು ವರ್ಷ ಬದುಕಿದ್ದ, ನನ್ನ ಮನೆಯಿಂದ ಎರಡು ಬೀದಿ ಆಚೆ. ನಾನು ಹೋಗಲಿಲ್ಲ. ಸತ್ತಾಗಲೂ ಹೋಗಲಿಲ್ಲ.

ನಾಲ್ಕನೆಯ ದಿನ ಮಹಾಗೋಡೆ ನೋಡಲು ಬಸ್ಸಿನಲ್ಲಿ ಸೀಟು ಕಾದಿರಿಸಿದ್ದೆ. ಅದನ್ನು ಬಿಟ್ಟು ಮತ್ತೆ ಅದೇ ಉದ್ಯಾನಕ್ಕೆ ಹೋದೆ. ಮುದುಕ ಗುರುತು ಹಿಡಿದು ನಕ್ಕು, ಬ್ರಷ್ ಕೊಟ್ಟ. ಅದೇ ಸಾಲು ಬರೆದೆ. ಮೂಲೆಯಲ್ಲಿ ಗೆಳೆಯನ ಹೆಸರೊಂದನ್ನೇ ಹಾಕಿದೆ. ಮುದುಕ ಮತ್ತೆ ನನ್ನ ಎದೆಯತ್ತ ಬೆರಳು ತೋರಿಸಿದ. ಅಲ್ಲ ಎಂದು ತಲೆಯಾಡಿಸಿ, ನನ್ನ ಬಲಗೈ ಎತ್ತಿ ಸತ್ವವಿಲ್ಲದಂತೆ ಇಳಿಬಿಟ್ಟೆ.

ಅವನು ನನ್ನ ಕೈಯನ್ನು ನೋಡಿದ, ತನ್ನ ಕೈಯನ್ನೂ ನೋಡಿಕೊಂಡ. ಅಷ್ಟರಲ್ಲಿ ಹೆಸರು ಆರತೊಡಗಿತ್ತು. ಬ್ರಷ್ ತೆಗೆದುಕೊಂಡು, ತೇವದ ಗುರುತು ಹಿಡಿದು ಹೆಸರನ್ನು ತಿದ್ದಿದ. ಅವನಿಗೆ ಆ ಅಕ್ಷರ ಗೊತ್ತಿಲ್ಲ. ಕೊನೆಯ ಒತ್ತಿನಿಂದ ಶುರು ಮಾಡಿ ಬಲದಿಂದ ಎಡಕ್ಕೆ ತಿದ್ದುತ್ತಾ ಹೋದ. ಆರಿದಾಗ ಇನ್ನೊಮ್ಮೆ ತಿದ್ದಿದ. ಮೂರನೆಯ ಸಲ ನಾನೇ ಅವನ ಕೈ ಹಿಡಿದು ಸಾಕೆಂದೆ. ಗೇಟಿನ ಬಳಿ ತಿರುಗಿ ನೋಡಿದಾಗ ಅವನು ಪಕ್ಕದ ಕಲ್ಲಿನ ಮೇಲೆ ತನ್ನ ಸಾಲು ಬರೆಯುತ್ತಿದ್ದ.

ಐದನೆಯ ದಿನ ವಾಪಸು ಹೊರಟೆ. ಆರ್ಲಾಂಡಾದಲ್ಲಿ ಜಡಿಮಳೆ. ಮೊಮ್ಮಗಳ ಗುಳ್ಳೆಗಳು ಒಣಗಿದ್ದವು. "ಗೋಡೆ ಹೇಗಿತ್ತಪ್ಪಾ?" ಎಂದಳು ಸುಮಾ. ದೊಡ್ಡದಿತ್ತು ಎಂದೆ. ನಿಜ ಹೇಳಿದ್ದು ಮೊನ್ನೆ, ಇದನ್ನು ಬರೆಯಲು ಕುಳಿತಾಗ.

"ಹಂಗಾದ್ರೆ ನಮ್ಮ ಬ್ಯಾನರಿನ ಅಕ್ಷರಾನೂ ನಿಮ್ದಲ್ವಾ?"

"ಅಲ್ಲಮ್ಮ."

ಅವಳು ಎದ್ದು ಹೋಗಿ ಅಟ್ಟದಿಂದ ಬ್ಯಾನರ್ ಇಳಿಸಿ ನನ್ನ ಮುಂದೆ ಹಾಸಿದಳು.

ಈ ನವೆಂಬರ್‌ನಲ್ಲಿ ಅದನ್ನು ಕಟ್ಟುವಾಗ ಕೆಳಮೂಲೆ ನೋಡಿ. ನನ್ನ ಹೆಸರಿದ್ದ ಕಡೆ ಕೆಂಪು ಒಂದು ಗೇಣಿನಷ್ಟು ಬೇರೆಯಾಗಿ ಕಾಣುತ್ತದೆ. ಅದರ ಮೇಲೆ ಹೊಸದಾಗಿ ಬರೆದಿದ್ದೇನೆ.

ಕಲೆ: ಕೊಟ್ರಪ್ಪ, ದಾವಣಗೆರೆ.