ಅತ್ತೆಯ ಕುಂಬಳಬೀಜದ ಮದ್ದು

ಸಿಹಿಗುಂಬಳವನ್ನು ಸೀಳಿದಾಗ ಏಳುವ ಹಸಿ ವಾಸನೆ ನನಗೆ ಇಂದಿಗೂ ಸೇರುವುದಿಲ್ಲ. ಅದರ ಹಿಂದೆಯೇ ಕುಬಟೂರಿನ ಆಚೆಗಿದ್ದ ನಮ್ಮ ಮನೆ ಬರುತ್ತದೆ, ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕುಳಿತು ಕಾಯಿಯ ಹೊಟ್ಟೆಗೆ ಕೈ ಹಾಕಿ ಬೀಜ ಬಗೆಯುತ್ತಿದ್ದ ಸೋದರತ್ತೆ ಬರುತ್ತಾಳೆ. ಅಪ್ಪನ ಅಕ್ಕ ಅವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೀಜಕ್ಕೆ ಒಲೆಯ ಬೂದಿ ಸವರಿ ಮೊರದಲ್ಲಿ ಒಣಗಿಸುತ್ತಿದ್ದಳು. ಉರಿಮೂತ್ರದ ಮುದುಕರಿಗೆ ಅದರ ಕಷಾಯ, ಒಡೆದ ಹಿಮ್ಮಡಿಗೆ ಅದರ ಎಣ್ಣೆ, ಸುಟ್ಟ ಕೈಗೆ ಹಸಿ ತಿರುಳು. ಜಂತುಹುಳದ ಮಕ್ಕಳಿಗಾದರೆ ಸುಲಿದ ಬೀಜವನ್ನು ಬೆಲ್ಲದೊಂದಿಗೆ ಅರೆದು ಬರಿಹೊಟ್ಟೆಯಲ್ಲಿ ತಿನ್ನಿಸಿ, ಮೇಲೆ ಹರಳೆಣ್ಣೆ ಕುಡಿಸುತ್ತಿದ್ದಳು. ಆನವಟ್ಟಿಯಿಂದಲೂ ತಾಯಂದಿರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬರುತ್ತಿದ್ದರು. ಹುಳ ಬಿತ್ತೆಂದು ಹೇಳಲು ಅವರು ಮತ್ತೆ ಬಂದಾಗ ಅತ್ತೆಯ ಮುಖ ನೋಡಬೇಕಿತ್ತು. ಆ ಮನೆಯಲ್ಲಿ ತನಗೂ ಒಂದು ಜಾಗವಿದೆ ಎಂದು ಅವಳಿಗೆ ಅನ್ನಿಸುತ್ತಿದ್ದುದು ಆಗ ಮಾತ್ರವೇನೋ.

ಐವತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ನನಗೆ ಒಂಬತ್ತು, ತಂಗಿ ನೀಲಳಿಗೆ ಐದು. ಅವಳ ಹೊಟ್ಟೆ ಉಬ್ಬಿ ನೋವು ಶುರುವಾಯಿತು. ಅತ್ತೆ ಎಂದಿನ ಮದ್ದು ಕೊಟ್ಟಳು. ಹುಳ ಬೀಳಲಿಲ್ಲ. ಮರುದಿನ ಮತ್ತೆ ಕೊಟ್ಟಳು. ನೀಲ ಹಸಿರು ಹಸಿರಾಗಿ ವಾಂತಿ ಮಾಡಿದಳು.

"ಗಾಡಿ ಕಟ್ಲಾ ಅಕ್ಕಾ?" ಎಂದ ಅಪ್ಪ.

"ಇವತ್ತೊಂದಿನ ತಡಿ ತಮ್ಮಾ. ಎಷ್ಟು ಮಕ್ಕಳಿಗೆ ಕೊಟ್ಟಿಲ್ಲ ನಾನು!"

ಮೂರನೆಯ ದಿನ ಬೆಳಿಗ್ಗೆ ನೀಲ ಅಳುವುದನ್ನೂ ನಿಲ್ಲಿಸಿದಳು. ಅಮ್ಮ ಹಸಿ ಬಾಣಂತಿ. ಅವಳನ್ನು ಬಿಟ್ಟು ಅತ್ತೆ ಬರುವಂತಿರಲಿಲ್ಲ. ತಂಗಿಯ ತಲೆ ಹಿಡಿದುಕೊಳ್ಳಲು ನಾನೇ ಹೋದೆ. ಆನವಟ್ಟಿಯವರೆಗೆ ಗಾಡಿ, ಅಲ್ಲಿಂದ ಶಿಕಾರಿಪುರಕ್ಕೆ ಬಸ್ಸು. ಆಸ್ಪತ್ರೆಯ ಬೆಂಚಿನ ಮೇಲೆ ಡಾಕ್ಟರು ಅವಳ ಹೊಟ್ಟೆ ಮುಟ್ಟಿ ನೋಡಿ ಏನೇನೋ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

"ಹುಳ ಗಂಟು ಕಟ್ಟಿ ಕರುಳೇ ಮುಚ್ಚಿಹೋಗಿತ್ತು ಕಣ್ರೀ" ಎಂದರು ಅವರು. "ಮೊನ್ನೆನೇ ತಂದಿದ್ರೆ ಉಳಿಸಬಹುದಿತ್ತು."

ಹೆಣವೆಂದರೆ ಬಸ್ಸಿಗೆ ಹತ್ತಿಸುವುದಿಲ್ಲ. ಅಪ್ಪ ನೀಲಳನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಮಗು ಮಲಗಿದೆ ಎಂದು ಕಂಡಕ್ಟರಿಗೆ ಹೇಳಿದ. ದಾರಿಯುದ್ದಕ್ಕೂ ಅವಳ ಬೆನ್ನು ತಟ್ಟುತ್ತಲೇ ಇದ್ದ. ಆನವಟ್ಟಿಯಲ್ಲಿ ಇಳಿದ ಮೇಲೆ ನನ್ನ ಕಡೆ ತಿರುಗಿ, "ಡಾಕ್ಟ್ರು ಅಂದಿದ್ದು ಅತ್ತೆ ಹತ್ರ ಆಡಬ್ಯಾಡ" ಎಂದ, ಅಷ್ಟೇ. ಮನೆಯಲ್ಲಿ ಅವನು ಹೇಳಿದ್ದೇ ಬೇರೆ: ಆಯುಸ್ಸೇ ಅಷ್ಟಿತ್ತು, ಯಾರ ಕೈಲೂ ಏನೂ ಆಗುತ್ತಿರಲಿಲ್ಲವಂತೆ.

ಅತ್ತೆ ಮೊರದ ಬೀಜವನ್ನೆಲ್ಲ ತಿಪ್ಪೆಗೆ ಸುರಿದಳು. ಮಕ್ಕಳನ್ನು ಎತ್ತಿಕೊಂಡು ಬಂದವರಿಗೆ, ನಂಗೆ ಮದ್ದು ಗೊತ್ತಿಲ್ಲ, ಆಸ್ಪತ್ರೆಗೆ ಹೋಗ್ರಿ ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದಳು. ಅಮ್ಮ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಎಳೆ ಕೂಸನ್ನು ಅವಳ ಮಡಿಲಿಗೆ ಹಾಕುವುದನ್ನು ನಿಲ್ಲಿಸಿದಳು.

ಎಷ್ಟೋ ವರ್ಷಗಳ ನಂತರ, ಅಪ್ಪ ತೀರಿಕೊಂಡ ಮೇಲೆ, ಹಾಸಿಗೆ ಹಿಡಿದಿದ್ದ ಅತ್ತೆಯನ್ನು ನೋಡಲು ಹೋದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಅವತ್ತು ಡಾಕ್ಟ್ರು ಏನಂದ್ರು, ನಿಜ ಹೇಳು."

"ಏನೂ ಮಾಡಕ್ಕೆ ಆಗ್ತಿರ್ಲಿಲ್ಲ ಅಂದ್ರು, ಅತ್ತೆ."

ಅವಳು ನನ್ನ ಮುಖವನ್ನೇ ನೋಡಿದಳು. "ನಿಮ್ಮಪ್ಪನೂ ಹಿಂಗೇ ನೆಲ ನೋಡ್ಕೊಂಡು ಹೇಳಿದ್ದ" ಎಂದು ಕೈ ಬಿಟ್ಟು, ಗೋಡೆಯ ಕಡೆ ಹೊರಳಿಕೊಂಡಳು.