ಹಬೆ ಇಳಿಯುವ ತನಕ

ಕುವೈತಿನ ಹೋಟೆಲೊಂದರ ಕಾಫಿ ಕೌಂಟರಿನಲ್ಲಿ ಅರ್ಧ ಆಯುಷ್ಯ ನಿಂತೇ ಕಳೆದ ಕಮಲಾಕ್ಷ, ಬಲಭುಜ ಕೈಕೊಟ್ಟ ಮೇಲೆ ಊರಿಗೆ ಮರಳಿದ. ಗುರುವಾಯನಕೆರೆ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟ. ಕುಳಿತು ಮಾಡುವ ಕೆಲಸ ಅನ್ನುವುದೊಂದೇ ಅದರಲ್ಲಿ ಅವನಿಗೆ ಹಿಡಿಸಿದ್ದು. ಮನೆಗೆ ಬಂದರೆ ಅಲ್ಲೂ ಕುವೈತಿನಲ್ಲಿದ್ದಂಥದೇ ಒಂದು ಎಸ್ಪ್ರೆಸೊ ಕಾಫಿ ಮೆಷಿನ್! ಹೆಂಡತಿ ಕಾಂತಿಯ ತಮ್ಮ ಮನೀಷ್ ದುಬೈಯಿಂದ ರಜೆಯಲ್ಲಿ ಬರುವಾಗ, ಭಾವನಿಗೆ ಖುಷಿಯಾಗಲಿ ಎಂದು ಹೊತ್ತು ತಂದದ್ದು. ಕಮಲಾಕ್ಷ ಅದಕ್ಕೊಂದು ಟವೆಲ್ ಹೊದಿಸಿ ಸುಮ್ಮನಾದ. "ನಿಮ್ಮ ಕೈಯ ಕಾಫಿ ಕುಡಿಯಬೇಕು ಮಾರಾಯ್ರೆ" ಎಂದು ಯಾರಾದರೂ ಕೇಳಿದರೆ ಭುಜ ತೋರಿಸುತ್ತಿದ್ದ.

ದುಬೈಗೆ ವಾಪಸ್ ಹೊರಡುವ ಮುನ್ನಾ ದಿನ ಮನೀಷ್ ಊಟಕ್ಕೆ ಬಂದ. ಟವೆಲ್ ಹಾಗೆಯೇ ಇದ್ದದ್ದು ನೋಡಿ ಅವನ ಮುಖ ಸಣ್ಣದಾಯಿತು.

"ನಾನೇ ಮಾಡ್ತೇನೆ ಭಾವ, ನೀವು ಕೂತುಕೊಳ್ಳಿ" ಎಂದವನೇ ಮನೆಯಲ್ಲಿದ್ದ ನುಣ್ಣನೆಯ ಚಿಕೋರಿ ಕಾಫಿಪುಡಿಯನ್ನು ಗಟ್ಟಿಯಾಗಿ ಒತ್ತಿ ತುಂಬಿ ಗುಂಡಿ ಅದುಮಿದ.

ಹೊರಗೆ ಕುಳಿತಿದ್ದ ಕಮಲಾಕ್ಷನಿಗೆ ಸದ್ದಿನಲ್ಲೇ ಗೊತ್ತಾಯಿತು. ಪಂಪು ಉಸಿರುಕಟ್ಟಿದ ಹಾಗೆ ಗುರುಗುಡುತ್ತಿತ್ತು. ಎದ್ದು ಒಳಗೆ ಹೋಗುವಷ್ಟರಲ್ಲಿ, ಒಂದು ಹನಿಯೂ ಇಳಿಯಲಿಲ್ಲವೆಂದು ಮನೀಷ್ ಪುಡಿ ತುಂಬಿದ ಬಟ್ಟಲನ್ನು ಅದರ ಹಿಡಿಕೆ ತಿರುಗಿಸಿ ಬಿಚ್ಚಲು ಕೈ ಹಾಕಿದ್ದ.

"ಮುಟ್ಟಬೇಡ!"

ಕಾಂತಿಯ ಕೈಯಿಂದ ಸೌಟು ಬಿತ್ತು. ಗಂಡನ ಆ ಸ್ವರವನ್ನು ಅವಳು ಕೇಳಿದ್ದೇ ಇಲ್ಲ.

ಕಮಲಾಕ್ಷ ಸ್ವಿಚ್ ಆರಿಸಿದ. ಹಬೆಯ ನಳಿಗೆಯನ್ನು ಚೊಂಬಿನೊಳಗೆ ಇಳಿಸಿ ತಿರುಪು ಬಿಚ್ಚಿದ. ಬುಸ್ಸೆಂದು ಹಬೆ ನುಗ್ಗಿತು. ಅದು ಅಡಗಿದ ಮೇಲೂ ಹಿಡಿಕೆ ಮುಟ್ಟಲು ಬಿಡಲಿಲ್ಲ.

"ಹುಡಿ ಕಟ್ಟಿಕೊಂಡು ನೀರಿಗೆ ದಾರಿ ಇಲ್ಲ. ಹಿಂದಿನಿಂದ ಪಂಪು ದೂಡಿದ ಒತ್ತಡ ಇನ್ನೂ ಒಳಗೇ ಉಂಟು. ಈಗ ಬಿಚ್ಚಿದರೆ ಬಿಸಿನೀರು, ಹುಡಿ ಎಲ್ಲ ಮುಖಕ್ಕೇ" ಎಂದು ಕುರ್ಚಿ ಎಳೆದು ಕುಳಿತ. ಬಂಟ್ವಾಳದ ಫಯಾಝ್‌ನ ಸುದ್ದಿ ಹೇಳಿದ್ದು ಆಗಲೇ. ಕುವೈತಿನಲ್ಲಿ ಪಕ್ಕದ ಮೆಷಿನಿನಲ್ಲಿ ನಿಲ್ಲುತ್ತಿದ್ದವ. ಗಿರಾಕಿಗಳ ಗಡಿಬಿಡಿಯಲ್ಲಿ ಹೀಗೇ ಬಿಚ್ಚಿ, ಮುಖ ಸುಟ್ಟುಕೊಂಡು ಊರಿಗೆ ಹೋದ. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಎರಡೂ ಮೆಷಿನ್ ಕಮಲಾಕ್ಷನ ತಲೆಗೆ ಬಂದವು. ಭುಜ ಹೋದದ್ದು ಆಮೇಲೆ.

"ಇಷ್ಟು ದಿನ ಹೇಳಲೇ ಇಲ್ಲವಲ್ಲ ನೀವು" ಎಂದಳು ಕಾಂತಿ.

"ಹೇಳಿ ಎಂತ ಮಾಡುವುದು ಮಾರಾಯ್ತಿ."

"ನಾನು ವಾಪಸ್ ಕೊಂಡುಹೋಗ್ತೇನೆ ಭಾವ" ಎಂದ ಮನೀಷ್, ತಲೆ ತಗ್ಗಿಸಿ.

"ಬೇಡ, ಇರಲಿ" ಎಂದಳು ಕಾಂತಿ. ಗಂಡನ ಕಡೆ ತಿರುಗಿ, "ನನಗೆ ಹೇಳಿಕೊಡಿ. ನಾನು ಮಾಡ್ತೇನೆ" ಎಂದಳು.

ಅವನು ಕುಳಿತಲ್ಲಿಂದಲೇ ಹೇಳಿಕೊಟ್ಟ. ಟ್ಯಾಂಕಿಯ ನೀರನ್ನು ಪಂಪು ಎಳೆದು ಬಾಯ್ಲರಿಗೆ ದೂಡುತ್ತದೆ. ಅಲ್ಲಿ ಕಾದ ನೀರು ಪುಡಿಯೊಳಗಿಂದ ಇಳಿದರೆ ಕಾಫಿ. ಹಬೆಯ ಗುಂಡಿ ಒತ್ತಿದರೆ ಅದೇ ಬಾಯ್ಲರ್ ಇನ್ನಷ್ಟು ಕಾದು, ನೀರು ಹಬೆಯಾಗಿ ನಳಿಗೆಯಿಂದ ಹಾಲಿಗೆ ನುಗ್ಗುತ್ತದೆ. ಕಾಂತಿ ಒಂದೊಂದನ್ನೇ ಮುಟ್ಟಿ ನೋಡಿ ತಲೆಯಾಡಿಸಿದಳು.

ಮನೀಷ್ ಹೋದ ಮೇಲೆ ಮೂಡುಬಿದಿರೆಯಿಂದ ಬೇರೆ ಪುಡಿ ತರಿಸಿದಳು. ಸಂಜೆ ಅಂಗಡಿ ಮುಚ್ಚಿ ಬಂದವನ ಮುಂದೆ ಕಪ್ಪು ಇಟ್ಟಳು.

"ಹೇಗುಂಟು?"

"ಸಪ್ಪೆ. ಹುಡಿ ತರಿ ಆಯ್ತು, ನೀರು ನಿಲ್ಲದೆ ಓಡಿದೆ."

"ಕೊಡಿ ಇಲ್ಲಿ, ಚೆಲ್ತೇನೆ."

ಕಮಲಾಕ್ಷ ಕಪ್ಪು ಕೊಡಲಿಲ್ಲ. ಸಾವಿರಾರು ಜನರಿಗೆ ಮಾಡಿಕೊಟ್ಟ ಆ ಕಾಫಿಯನ್ನು ಅವನಿಗೆಂದು ಯಾರೂ ಮಾಡಿರಲಿಲ್ಲ. "ನಾಳೆ ಸರಿ ಮಾಡುವ" ಎಂದು ನಿಧಾನವಾಗಿ ಕುಡಿದು ಮುಗಿಸಿದ. ಊಟಕ್ಕೆ ಕರೆಯಲು ಕಾಂತಿ ಬಂದಾಗ ಕುಳಿತಲ್ಲೇ ನಿದ್ದೆ ಹೋಗಿದ್ದ. ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ.