ಅವ್ವನ ಹಚ್ಚೆ ಮತ್ತು ತಾನೇ ಸುತ್ತುವ ಕ್ಯಾಮೆರಾ

ಅವ್ವನ ಎಡಗೈ ಮೇಲೆ ಅವಳ ತಮ್ಮನ ಹೆಸರಿತ್ತು. ಮದುವೆಗೆ ಮುಂಚೆ ಹಚ್ಚೆ ಹಾಕುವಾಕೆ ಬಂದಾಗ, ಶಾಲೆಗೆ ಹೋಗುತ್ತಿದ್ದ ಆ ತಮ್ಮನೇ ಇದ್ದಿಲಿನಿಂದ ಅಕ್ಕನ ಕೈ ಮೇಲೆ ತನ್ನ ಹೆಸರು ಬರೆದನಂತೆ. ಆಕೆ ಅದರ ಮೇಲೆಯೇ ದೀಪದ ಕಾಡಿಗೆ ಹಚ್ಚಿ ಚುಚ್ಚಿದಳು. ಮೇಲೆ ತೊಟ್ಟಿಲು, ನಡುವೆ ಚುಕ್ಕಿಗಳ ಸಾಲು, ಕೆಳಗೆ ಹೆಸರು. ಮುಂದಿನ ವರ್ಷ ಜ್ವರ ಬಂದು ತಮ್ಮ ತೀರಿಹೋದ. ಅವನದೊಂದು ಫೋಟೊ ಇಲ್ಲ, ಪಾಟಿ ಇಲ್ಲ, ಅಂಗಿ ಇಲ್ಲ. ಅವನ ಕೈಬರಹವೊಂದೇ ಉಳಿದಿತ್ತು, ಅದೂ ಐವತ್ತು ವರ್ಷ ಕಂಡವರ ಹೊಲದಲ್ಲಿ ಬೆಂದ ಚರ್ಮದೊಳಗೆ ಕರಗಿಹೋಗಿತ್ತು. ಸಾಯುವುದರೊಳಗೆ ಒಮ್ಮೆ ಅದನ್ನು ನೋಡಬೇಕು ಎಂದು ಅವ್ವ ಹೇಳುತ್ತಲೇ ಇರುತ್ತಿದ್ದಳು.

ನಾನಾಗ ಚಿಕ್ಕೋಡಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಡಿಜಿಟಲ್ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ನನ್ನ ಹತ್ತಿರ ಪ್ರತಿ ಫೋಟೊ ಆದ ಮೇಲೂ ಕೈಯಿಂದ ಫಿಲ್ಮ್ ತಿರುಗಿಸಬೇಕಾದ ಒಂದು ಹಳೇ ಕ್ಯಾಮೆರಾ ಇತ್ತು. ಒಂದು ಬೇಸಿಗೆಯಲ್ಲಿ ಪುಣೆಯಿಂದ ಒಬ್ಬ ಸಂಶೋಧಕ ನಮ್ಮ ಡಾರ್ಕ್‌ರೂಮ್ ಕೇಳಿಕೊಂಡು ಬಂದ. ಅಥಣಿ ಕಡೆಯ ಒಂದು ಜೈನ ಮನೆತನದ ತಾಳೆಗರಿಗಳನ್ನು ಇನ್‌ಫ್ರಾರೆಡ್ ಫಿಲ್ಮಿನಲ್ಲಿ ತೆಗೆಯುತ್ತಿದ್ದ. ಕಪ್ಪಾಗಿ ಏನೂ ಕಾಣದ ಗರಿಯಲ್ಲಿ ಆ ಫಿಲ್ಮ್ ಮಸಿಯ ಅಕ್ಷರಗಳನ್ನು ಎತ್ತಿ ತೋರಿಸುತ್ತಿತ್ತು. ನೋಡಿ ನನಗೆ ಅವ್ವನ ಕೈ ನೆನಪಾಯಿತು. ನಮ್ಮವ್ವನ ಹಚ್ಚೆಯೂ ಹೀಗೆ ಕಾಣುತ್ತದೆಯೇ ಎಂದು ಕೇಳಿದೆ. ಖಂಡಿತ ಕಾಣುತ್ತದೆ ಎಂದು ಒಂದು ರೋಲು ಪುಕ್ಕಟೆ ಕೊಟ್ಟ. ಆಮೇಲೆ ನನ್ನ ಕ್ಯಾಮೆರಾದ ಕಡೆ ಕೈ ಮಾಡಿ, ಫಿಲ್ಮನ್ನು ತಾನೇ ಸುತ್ತುವ ಹೊಸ ಕ್ಯಾಮೆರಾಕ್ಕೆ ಹೋಗಬೇಡ, ನಿನಗೆ ಇದು ಸಾಕು ಎಂದು ಮರಾಠಿಯಲ್ಲಿ ಹೇಳಿದ.

ಇದು ಸಾಕು. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತು. ನಿಮಗೆ ಹಿಂದಿನ ಬೆಂಚು ಸಾಕು, ಹರಿದ ಪುಸ್ತಕ ಸಾಕು, ಹೋಟೆಲಿನಲ್ಲಿ ಬೇರೆ ಇಟ್ಟ ಚಹಾದ ಕಪ್ಪು ಸಾಕು. ಮೈ ಉರಿದುಹೋಯಿತು. ಅವನು ಕಾರಣ ಹೇಳಲು ಬಾಯಿ ತೆರೆದಿದ್ದ. ನಾನು ಬೆನ್ನು ಹಾಕಿ ಒಳಗೆ ಹೋದೆ.

ಹಟಕ್ಕೆ ಬಿದ್ದು ಮಾಲಕರ ಹೊಸ ಆಟೊಮ್ಯಾಟಿಕ್ ಕ್ಯಾಮೆರಾವನ್ನೇ ಒಂದು ದಿನದ ಮಟ್ಟಿಗೆ ಕೇಳಿ ತಂದೆ. ಗುಂಡಿ ಒತ್ತಿದರೆ ಝರ್ರೆಂದು ಫಿಲ್ಮ್ ಮುಂದೆ ಸರಿಯುತ್ತಿತ್ತು. ಭಾನುವಾರ ಅವ್ವನಿದ್ದ ಕಬ್ಬೂರಿಗೆ ಹೋಗಿ ಅಂಗಳದಲ್ಲಿ ಸ್ಟ್ಯಾಂಡ್ ನಿಲ್ಲಿಸಿದೆ. ಅವ್ವ ಮಂಚದ ಮೇಲೆ ಗೋಣಿಚೀಲ ಹಾಸಿ ಕೈ ಚಾಚಿದಳು. ಈ ಫಿಲ್ಮಿಗೆ ಎಷ್ಟು ಬೆಳಕು ಬೇಕೆಂದು ಯಾರಿಗೂ ಸರಿಯಾಗಿ ಹೇಳಲಾಗದು. ಅದಕ್ಕೆ ಕ್ಯಾಮೆರಾ ಅಲುಗಿಸದೆ, ಬೆಳಕನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತ ಮೂವತ್ತಾರೂ ಫೋಟೊ ಹೊಡೆದೆ. ಅವ್ವ ಉಸಿರು ಬಿಗಿಹಿಡಿದು ಕೂತಿದ್ದಳು.

ಮರುದಿನ ಫಿಲ್ಮ್ ತೊಳೆದು ಪ್ರಿಂಟ್ ಹಾಕಿದೆ. ಅವ್ವನ ಕಪ್ಪು ಕೈ ಬೆಳ್ಳಗೆ ಕಂಡಿತು. ತೊಟ್ಟಿಲು ನಿನ್ನೆ ಚುಚ್ಚಿದ ಹಾಗಿತ್ತು. ಚುಕ್ಕಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅದರ ಕೆಳಗೆ ಬರೀ ಬಿಳಿ ಮಂಜು. ಮೂವತ್ತಾರರಲ್ಲೂ ಅದೇ ಜಾಗದಲ್ಲಿ, ಅದೇ ಮಂಜು.

ಆಗ ಫಿಲ್ಮಿನ ಡಬ್ಬಿಯಲ್ಲಿದ್ದ ಚೀಟಿ ಬಿಡಿಸಿ, ಬಂದಷ್ಟು ಇಂಗ್ಲಿಷಿನಲ್ಲಿ ಓದಿದೆ. ತಾನೇ ಸುತ್ತುವ ಕೆಲವು ಕ್ಯಾಮೆರಾಗಳು ಫಿಲ್ಮಿನ ಅಂಚಿನ ತೂತುಗಳನ್ನು ಎಣಿಸಲು ಒಳಗೊಂದು ಸಣ್ಣ ಇನ್‌ಫ್ರಾರೆಡ್ ದೀಪ ಇಟ್ಟುಕೊಂಡಿರುತ್ತವೆ. ನಮ್ಮ ಕಣ್ಣಿಗೆ ಕಾಣದ ಆ ಬೆಳಕು ಈ ಫಿಲ್ಮಿಗೆ ಕಾಣುತ್ತದೆ, ಅಂಚು ಸುಟ್ಟುಹೋಗುತ್ತದೆ. ಹೆಸರು ಬಿದ್ದದ್ದು ಆ ಅಂಚಿಗೇ. ಪುಣೆಯವನು ಹೇಳಹೊರಟದ್ದು ಇಷ್ಟೇ. ಅವಮಾನ ಮಾಡುವವರನ್ನು ನೋಡಿ ನೋಡಿ, ಒಳ್ಳೆಯದು ಹೇಳುವವನ ದನಿ ನನಗೆ ಗುರುತೇ ಸಿಗದಂತಾಗಿತ್ತು.

ಪ್ರಿಂಟ್ ಅವ್ವನ ಕೈಗೆ ಕೊಟ್ಟೆ. ಅಕ್ಷರ ಬಾರದಿದ್ದರೂ ಜಾಗ ಗೊತ್ತಿತ್ತು. ಅವಳ ಬೆರಳು ತೊಟ್ಟಿಲು ದಾಟಿ, ಚುಕ್ಕಿ ದಾಟಿ, ಬಿಳಿ ಪಟ್ಟಿಯ ಮೇಲೆ ನಿಂತಿತು.

"ಇಲ್ಲೇ ಇದ್ದನಲ್ಲೋ ಅಂವ," ಎಂದಳು. "ಎಲ್ಲಿ ಹ್ವಾದ?"

ಪುಣೆಯವನು ಕೊಟ್ಟ ಫಿಲ್ಮೇ ಕೆಟ್ಟಿತ್ತು ಅಂದೆ. ಮಾತು ತಾನಾಗಿ ಬಾಯಿಂದ ಬಂತು.

"ಹಳಸಿದ್ದನ್ನ ಕೊಟ್ಟ ಹೋಗ್ಯಾನ," ಎಂದಳು ಅವ್ವ. "ನಮಗ ಕೊಡೂದ ಅದನ್ನ ಅಲ್ಲೇನು."

ಒಂದು ಕ್ಷಣವೂ ಅನುಮಾನಿಸಲಿಲ್ಲ. ಅವಳು ಕಂಡ ಲೋಕ ಅಂಥದ್ದು.

ದೀಪಾವಳಿ ಕಳೆದ ಮೇಲೆ ಪುಣೆಯವನು ಮತ್ತೆ ಸ್ಟುಡಿಯೋಕ್ಕೆ ಬಂದ. ಬಂದವನೇ ನಿನ್ನ ಅವ್ವನ ಹಚ್ಚೆ ಬಂತೇ ಎಂದು ಕೇಳಿದ. ನಾನು ಮರೆತಿದ್ದಾನೆ ಅಂದುಕೊಂಡಿದ್ದೆ. "ಛಲೋ ಬಂದಾವ್ರಿ," ಅಂದೆ. ಅವನ ಮುಖ ಅರಳಿತು. ಚೀಲದಿಂದ ಇನ್ನೊಂದು ರೋಲು ತೆಗೆದು ಮುಂದೆ ಇಟ್ಟು, ಬೇಕಾದರೆ ಇಟ್ಟುಕೋ ಎಂದ. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ತೆಗೆದುಕೊಂಡರೆ, ಬಂದ ಹಚ್ಚೆಗೆ ಮತ್ತೆ ಯಾಕೆ ಬೇಕು ಅಂತ ಹೇಳಬೇಕಾಗುತ್ತಿತ್ತು, ನಿನ್ನ ಮಾತು ಕೇಳಲಿಲ್ಲ ಅಂತ ಒಪ್ಪಿಕೊಳ್ಳಬೇಕಾಗುತ್ತಿತ್ತು. ಬೇಡವೆಂದೆ. ಅವನು ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದ.

ಅವ್ವ ಆಮೇಲೆ ನಾಲ್ಕು ವರ್ಷ ಬದುಕಿದ್ದಳು. ಮನೆಗೆ ಬಂದವರಿಗೆಲ್ಲ ಆ ಫೋಟೊ ತೋರಿಸಿ, ಪುಣೆಯವನು ಹಳಸಿದ ಫಿಲ್ಮ್ ಕೊಟ್ಟು ತನ್ನ ತಮ್ಮನನ್ನು ಅಳಿಸಿಬಿಟ್ಟ ಎಂದು ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹೂಂ ಅನ್ನುತ್ತಿದ್ದೆ.